ಮಂಗಳೂರು ಬಸ್ಸಲ್ಲಿ ಕೂತು ಮಂಗಳ ಗ್ರಹಕ್ಕೆ: ಸೈನ್ಸ್ ಫಿಕ್ಷನ್ ಓದಲು ಶುರು ಮಾಡುವವರಿಗೆ

ನಾನು ದಿನಾ ಉಡುಪಿಯಿಂದ ಸುರತ್ಕಲ್‌ಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗುತ್ತೇನೆ. ಒಂದು ದಿನ ಕಂಡಕ್ಟರ್ ಬಂದು ಭುಜ ತಟ್ಟಿದಾಗ ಬಸ್ಸು ಕೂಳೂರು ಸೇತುವೆ ಮೇಲಿತ್ತು. “ಎಂತ ಮಾರಾಯ್ರೆ, ಇವತ್ತು ಆಫೀಸಿಲ್ವಾ? ಸುರತ್ಕಲ್‌ನಲ್ಲಿ ಎರಡು ಸಲ ಕೂಗಿದೆ.”

ಸುರತ್ಕಲ್ ಬಂದಾಗ ನಾನು ಮಂಗಳ ಗ್ರಹದಲ್ಲಿದ್ದೆ. ಅಲ್ಲಿ ಒಬ್ಬನೇ ಉಳಿದುಹೋದ ಗಗನಯಾತ್ರಿ ಆಲೂಗಡ್ಡೆ ಬೆಳೆಯಲು ಹೊರಟಿದ್ದ. ನೀರಿಲ್ಲ. ರಾಕೆಟ್ಟಿನ ಇಂಧನದಿಂದ ಹೈಡ್ರೋಜನ್ ತೆಗೆದು ಸುಟ್ಟರೆ ನೀರು ಬರುತ್ತದೆ. ಲೆಕ್ಕ ತಪ್ಪಿದರೆ ಇರುವ ಒಂದೇ ಬಿಡಾರ ಸಿಡಿಯುತ್ತದೆ. ಅಂಥ ಹೊತ್ತಲ್ಲಿ ಸ್ಟಾಪ್ ಯಾರಿಗೆ ನೆನಪಿರುತ್ತದೆ?

ಈ ಕಥೆ ಆಫೀಸಲ್ಲಿ ಹೇಳಿದ ಮೇಲೆ ಒಬ್ಬೊಬ್ಬರೇ ಬಂದು ಕೇಳಲು ಶುರು ಮಾಡಿದರು. ನನಗೂ ಓದಬೇಕು, ಎಲ್ಲಿಂದ ಶುರು ಮಾಡುವುದು? ಪಿಯುಸಿಯಲ್ಲಿ ಫಿಸಿಕ್ಸ್ ಜಸ್ಟ್ ಪಾಸು, ಅರ್ಥ ಆಗ್ತದಾ? ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ. ಸಾಹಿತ್ಯದ ದೊಡ್ಡ ಚರ್ಚೆ ಏನಿಲ್ಲ. ಮಜಾ ಕೊಡುವ ಕಾದಂಬರಿ ಹುಡುಕುವುದು, ಓದುವುದು, ನಮ್ಮ ಮಳೆಗಾಲದಿಂದ ಅದನ್ನು ಉಳಿಸಿಕೊಳ್ಳುವುದು, ಇಷ್ಟೇ.

ಹಂತ 1: ಒಂದು ಸುಳ್ಳನ್ನು ಒಪ್ಪಿಕೊಳ್ಳಿ, ಒಂದೇ ಒಂದು

ಯಕ್ಷಗಾನ ಆಟಕ್ಕೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ನಡುರಾತ್ರಿ ಚೆಂಡೆ ಏರುತ್ತದೆ, ದೊಂದಿಗೆ ರಾಳ ಎಸೆಯುತ್ತಾರೆ, ಭಗ್ಗೆಂದು ಬೆಂಕಿ ಎದ್ದು ಮಹಿಷಾಸುರ ಬರುತ್ತಾನೆ. ಕೋಣದ ತಲೆಯವನು ಸಂಸ್ಕೃತ ಬೆರೆಸಿ ಮಾತಾಡುವುದು ಹೇಗೆ ಅಂತ ಗದ್ದೆಯಲ್ಲಿ ಕೂತ ಯಾರೂ ಕೇಳುವುದಿಲ್ಲ. ಅದನ್ನು ಒಪ್ಪಿಕೊಂಡೇ ಕೂತಿರುತ್ತೇವೆ. ಆದರೆ ಅದೇ ಜನ ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಆಟದಲ್ಲಿ, ಅರ್ಥಧಾರಿ ಆಗ ಹೇಳಿದ ಮಾತನ್ನು ಹತ್ತು ನಿಮಿಷ ಬಿಟ್ಟು ತಾನೇ ಮರೆತರೆ ಸುಮ್ನೆ ಬಿಡುವುದಿಲ್ಲ. ಮರುದಿನ ಹೋಟೆಲಲ್ಲಿ ಬನ್ಸ್ ತಿನ್ನುತ್ತಾ ಮಾನ ತೆಗೆಯುತ್ತಾರೆ.

ಸೈನ್ಸ್ ಫಿಕ್ಷನ್ ಓದುವ ಕ್ರಮವೂ ಇದೇ. ಲೇಖಕರಿಗೆ ಒಂದು ದೊಡ್ಡ ಸುಳ್ಳು ಹೇಳುವ ಹಕ್ಕು ಉಂಟು. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಯಂತ್ರ ಇದೆ ಅನ್ನಬಹುದು, ಮನುಷ್ಯ ಮಾಯ ಆಗಬಹುದು, ಸೂರ್ಯನನ್ನು ತಿನ್ನುವ ಸೂಕ್ಷ್ಮಜೀವಿ ಇರಬಹುದು. ಅಲ್ಲಿಗೆ ರಿಯಾಯಿತಿ ಮುಗಿಯಿತು. ಮುಂದೆ ನಡೆಯುವುದೆಲ್ಲ ಆ ಸುಳ್ಳಿನಿಂದಲೇ ಹುಟ್ಟಬೇಕು, ಲೆಕ್ಕ ಸರಿ ಇರಬೇಕು. ನಮಗೆ ಬರುವ ಮಜಾ ಸುಳ್ಳಿನಿಂದ ಅಲ್ಲ, ಅದರ ಮೇಲೆ ಕಟ್ಟಿದ ನಿಜದಿಂದ.

ಹಾಗಾಗಿ ಫಿಸಿಕ್ಸ್ ಮಾರ್ಕು ಬೇಡ. ಜಗಳ ಹಿಡಿಯುವ ಬುದ್ಧಿ ಇದ್ದರೆ ಸಾಕು. ಅದು ನಮ್ಮಲ್ಲಿ ಬೇಕಾದಷ್ಟು ಉಂಟು.

ಹಂತ 2: ನಿಮ್ಮ ಬಾಗಿಲು ಯಾವುದು ನೋಡಿಕೊಳ್ಳಿ

ಹೆಚ್ಚಿನವರು ತಪ್ಪುವುದು ಇಲ್ಲಿ. ಯಾರೋ ‘ಇದು ಸರ್ವಶ್ರೇಷ್ಠ’ ಅಂದದ್ದನ್ನು ಮೊದಲು ಹಿಡಿಯುತ್ತಾರೆ. ನಾನೂ ಡಿಗ್ರಿಯಲ್ಲಿ ಹಾಗೇ ಮಾಡಿದೆ. ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ತಂದೆ. 1965ರ ಪುಸ್ತಕ, ದಪ್ಪ ಇಟ್ಟಿಗೆ, ಹಿಂದುಗಡೆ ಅದರದ್ದೇ ಪದಕೋಶ ಬೇರೆ. ನಲವತ್ತು ಪುಟದಲ್ಲಿ ಸೋತೆ. ನನಗೆ ಬುದ್ಧಿ ಸಾಲದು ಅಂತ ಐದು ವರ್ಷ ಈ ಕಡೆಗೆ ತಲೆ ಹಾಕಲಿಲ್ಲ. ಆಮೇಲೆ ಅದೇ ಪುಸ್ತಕ ಎರಡು ವಾರದಲ್ಲಿ ಓದಿದೆ, ಇಷ್ಟವೂ ಆಯಿತು. ಬುದ್ಧಿಯದ್ದು ತಪ್ಪಲ್ಲ, ಸರದಿಯದ್ದು. ಲಿಯು ಸಿಕ್ಸಿನ್ ಅವರ ‘ದಿ ತ್ರೀ-ಬಾಡಿ ಪ್ರಾಬ್ಲಂ’ ಕೂಡ ಹಾಗೇ. 2015ರಲ್ಲಿ ಸೈನ್ಸ್ ಫಿಕ್ಷನ್ನಿನ ದೊಡ್ಡ ಪ್ರಶಸ್ತಿ ಹ್ಯೂಗೋ ಪಡೆದ ಒಳ್ಳೆಯ ಕಾದಂಬರಿ, ಆದರೆ ಐದನೆಯದೋ ಆರನೆಯದೋ ಆಗಿ ಓದಿ.

ಮೊದಲನೆಯದಕ್ಕೆ ನಿಮಗೆ ಈಗಾಗಲೇ ಯಾವುದು ಇಷ್ಟವೋ ಅದರ ಬಾಗಿಲಿಂದಲೇ ಒಳಗೆ ಹೋಗಿ.

ಕೆಟ್ಟ ಮಿಕ್ಸಿ ಬಿಚ್ಚಿ ರಿಪೇರಿ ಮಾಡುವವರು, ತೋಟಕ್ಕೆ ತಾವೇ ಪೈಪು ಎಳೆಯುವವರು ನೀವಾದರೆ, ನನ್ನನ್ನು ಕೂಳೂರಿಗೆ ಒಯ್ದ ಪುಸ್ತಕವೇ ಸರಿ. ಆಂಡಿ ವಿಯರ್ ಅವರ ‘ದಿ ಮಾರ್ಷಿಯನ್’. ಇಡೀ ಕಾದಂಬರಿ ರಿಪೇರಿಯೇ. ಒಂದು ಸರಿಯಾಯಿತು ಅನ್ನುವಾಗ ಇನ್ನೊಂದು ಕೆಡುತ್ತದೆ, ಮತ್ತು ಆ ಮನುಷ್ಯ ಜೋಕು ಬಿಡುವುದಿಲ್ಲ. ವಿಯರ್ ಇದನ್ನು ಮೊದಲು ತಮ್ಮ ವೆಬ್‌ಸೈಟಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಪುಕ್ಕಟೆ ಹಾಕಿದ್ದರು. ಲೆಕ್ಕ ತಪ್ಪಿದಲ್ಲಿ ಓದುಗರೇ ತಿದ್ದಿದರು. ದೊಡ್ಡ ಪ್ರಕಾಶಕರು ಅಚ್ಚು ಹಾಕಿದ್ದು 2014ರಲ್ಲಿ. ಇದು ಹಿಡಿಸಿದರೆ 2021ರ ‘ಪ್ರಾಜೆಕ್ಟ್ ಹೈಲ್ ಮೇರಿ’ ಹಿಡಿಯಿರಿ. ಒಬ್ಬ ಮೇಷ್ಟ್ರು ಎಚ್ಚರ ಆಗುವಾಗ ಬಾಹ್ಯಾಕಾಶ ನೌಕೆಯಲ್ಲಿದ್ದಾರೆ, ತಮ್ಮ ಹೆಸರೇ ನೆನಪಿಲ್ಲ. ಮುಂದಿನದ್ದು ಹೇಳಿದರೆ ಪಾಪ ಬರುತ್ತದೆ.

ನಗು ಬೇಕಾದರೆ ಡಗ್ಲಸ್ ಆಡಮ್ಸ್ ಅವರ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. 1978ರಲ್ಲಿ ಬಿಬಿಸಿ ರೇಡಿಯೋ ನಾಟಕ, ಮರುವರ್ಷ ಕಾದಂಬರಿ. ಒಬ್ಬನ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವಲು ಬರುತ್ತಾರೆ. ನೋಟೀಸು ಹಾಕಿದ್ದೆವಲ್ಲ, ನೀವು ನೋಡಲಿಲ್ಲ ಅನ್ನುತ್ತಾರೆ. ಅಷ್ಟರಲ್ಲಿ ಅನ್ಯಗ್ರಹದವರು ಬಂದು ಇಡೀ ಭೂಮಿಯನ್ನೇ ಬಾಹ್ಯಾಕಾಶದ ಬೈಪಾಸಿಗಾಗಿ ಕೆಡವುತ್ತೇವೆ, ನೋಟೀಸು ಹಾಕಿದ್ದೆವಲ್ಲ ಅನ್ನುತ್ತಾರೆ. ಹೆದ್ದಾರಿ 66 ಅಗಲ ಆಗುವಾಗ ಅಂಗಳ ಕಳೆದುಕೊಂಡ ನಮ್ಮ ಊರಿನವರಿಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥ ಆದೀತು?

ಪತ್ತೇದಾರಿ ಇಷ್ಟ ಇದ್ದರೆ ಐಸಾಕ್ ಅಸಿಮೋವ್ ಅವರ ‘ದಿ ಕೇವ್ಸ್ ಆಫ್ ಸ್ಟೀಲ್’. 1954ರದ್ದು. ಕೊಲೆ ಆಗಿದೆ, ಪತ್ತೇದಾರನಿಗೆ ಜೊತೆಗಾರನಾಗಿ ಕೊಟ್ಟದ್ದು ರೋಬೋಟು, ಅವನಿಗೆ ರೋಬೋಟ್ ಕಂಡರೆ ಆಗದು.

ಸೀರಿಯಲ್ ಬಿಡಲಾಗದವರಿಗೆ ಮಾರ್ಥಾ ವೆಲ್ಸ್ ಅವರ ‘ಆಲ್ ಸಿಸ್ಟಮ್ಸ್ ರೆಡ್’. 2017ರ ಸಣ್ಣ ಪುಸ್ತಕ, ನೂರೈವತ್ತು ಪುಟದ ಒಳಗೆ ಹೊರಗೆ. ಕಾವಲಿಗೆ ಇಟ್ಟ ಯಂತ್ರಮಾನವ ತನ್ನ ಕಡಿವಾಣವನ್ನು ತಾನೇ ಕಿತ್ತುಹಾಕಿದೆ. ಈಗ ಯಾರನ್ನು ಬೇಕಾದರೂ ಕೊಲ್ಲಬಹುದು. ಆದರೆ ಅದಕ್ಕೆ ಬೇಕಾದದ್ದು ಒಂದೇ, ಒಬ್ಬನೇ ಕೂತು ಧಾರಾವಾಹಿ ನೋಡುವುದು. ನಮ್ಮ ಅತ್ತೆಗೆ ಕಥೆ ಹೇಳಿದೆ. “ಪಾಪದ್ದು” ಅಂದರು.

ರಿಟೈರ್ ಆದವರು ಜಾನ್ ಸ್ಕಾಲ್ಜಿ ಅವರ ‘ಓಲ್ಡ್ ಮ್ಯಾನ್ಸ್ ವಾರ್’ ನೋಡಬಹುದು. ಅದರಲ್ಲಿ ಸೈನ್ಯಕ್ಕೆ ಸೇರುವ ವಯಸ್ಸು 75.

ಇನ್ನು ಕಡಲು. ಕರಾವಳಿಯವರಿಗೆ ಈ ಬಾಗಿಲು ತೆರೆದೇ ಇದೆ. ಜೂಲ್ಸ್ ವೆರ್ನ್ ಅವರ ಜಲಾಂತರ್ಗಾಮಿಯ ಕಥೆ, ಹೆಸರಲ್ಲಿ ‘ಇಪ್ಪತ್ತು ಸಾವಿರ ಲೀಗ್’ ಅಂತ ಇರುವುದು. ಅದು ಕಡಲಿನ ಆಳ ಅಂತ ತುಂಬಾ ಜನ ತಿಳಿದಿದ್ದಾರೆ. ಒಂದು ಲೀಗ್ ನಾಲ್ಕು ಕಿಲೋಮೀಟರ್ ಅಂತ ಹಿಡಿದರೆ 80,000 ಕಿ.ಮೀ. ಆಯಿತು. ಕಡಲಿನ ಅತಿ ಆಳದ ಜಾಗವೇ ಹನ್ನೊಂದು ಕಿ.ಮೀ. ಹತ್ತಿರ. ಹೆಸರಲ್ಲಿರುವುದು ನೀರಿನೊಳಗೆ ಸಾಗಿದ ದೂರ, ಭೂಮಿಗೆ ಎರಡು ಸುತ್ತು ಬಂದಷ್ಟು. ಆ ನೌಕೆಯ ಕ್ಯಾಪ್ಟನ್ ನೀಮೋ ಯಾರು ಅಂತ ವೆರ್ನ್ ಆ ಪುಸ್ತಕದಲ್ಲಿ ಹೇಳುವುದಿಲ್ಲ. ಮುಂದೆ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಗೊತ್ತಾಗುತ್ತದೆ, ಅವನು ಬುಂದೇಲ್‌ಖಂಡದ ರಾಜಕುಮಾರ. ಗುಟ್ಟು ಬಿಟ್ಟುಕೊಟ್ಟೆ, ಕ್ಷಮಿಸಿ. ನೂರೈವತ್ತು ವರ್ಷ ಆಯಿತಲ್ವಾ.

ನನ್ನ ಮೆಚ್ಚಿನ ಕಡಲು ಇರುವುದು ಆರ್ಥರ್ ಸಿ. ಕ್ಲಾರ್ಕ್ ಅವರ ‘ರೆಂಡೆವೂ ವಿತ್ ರಾಮ’ದಲ್ಲಿ. 1973ರದ್ದು. ಕ್ಲಾರ್ಕ್ 1956ರಿಂದ ಶ್ರೀಲಂಕಾದಲ್ಲೇ ಇದ್ದವರು, ಮುಳುಗುಗಾರಿಕೆಯ ಹುಚ್ಚು ಇದ್ದವರು. ಸೌರಮಂಡಲಕ್ಕೆ ಎಲ್ಲಿಂದಲೋ ಒಂದು ಪೀಪಾಯಿ ಬರುತ್ತದೆ, ಉದ್ದ 50 ಕಿ.ಮೀ. ಅಂದರೆ ಒಂದು ತುದಿ ಮಂಗಳೂರಲ್ಲಿದ್ದರೆ ಇನ್ನೊಂದು ಹೆಚ್ಚು ಕಡಿಮೆ ಕಟಪಾಡಿಯಲ್ಲಿ. ಒಳಗೆ ಹೋದವರಿಗೆ ಕಾಣುವುದು ಸಮುದ್ರ. ಪೀಪಾಯಿ ತಿರುಗುತ್ತಾ ಇರುವುದರಿಂದ ನೀರು ಒಳಗೋಡೆಗೆ ಅಂಟಿ ನಿಂತಿದೆ. ಎಡಕ್ಕೆ ನೋಡಿದರೆ ಸಮುದ್ರ ಮೇಲಕ್ಕೆ ಏರುತ್ತದೆ, ಬಲಕ್ಕೂ ಏರುತ್ತದೆ, ನೆತ್ತಿಯ ಮೇಲೆ ಹೋಗಿ ಕೂಡುತ್ತದೆ. ಪಣಂಬೂರಿನ ಕಡಲತೀರದಲ್ಲಿ ನಿಂತು ಒಮ್ಮೆ ಇದನ್ನು ಊಹಿಸಿ. ನನಗಂತೂ ಕತ್ತು ನೋವು ಬಂತು.

ಕನ್ನಡದಲ್ಲೇ ಬೇಕು ಅನ್ನುವವರಿಗೆ ನಾನು ಕೊಡುವುದು ತೇಜಸ್ವಿಯವರ ‘ಕರ್ವಾಲೋ’. ಇದು ಸೈನ್ಸ್ ಫಿಕ್ಷನ್ ಅಲ್ಲ ಅಂತ ವಾದ ಮಾಡುವವರು ಇದ್ದಾರೆ, ಮಾಡಲಿ. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯ ಕಾಡು, ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಕೋಟಿ ವರ್ಷಗಳ ಹಿಂದಿನಿಂದ ಬಂದಂಥ ಒಂದು ಹಾರುವ ಓತಿ. ಅಚ್ಚರಿಯನ್ನು ಹಿಂಬಾಲಿಸಿ ಹೋಗುವ ರುಚಿ ಹತ್ತಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅಪ್ಪಟ ವೈಜ್ಞಾನಿಕ ಕಥೆಗಳೇ ಬೇಕಾದರೆ ರಾಜಶೇಖರ ಭೂಸನೂರಮಠ ಅವರ ಹೆಸರಲ್ಲಿ ಲೈಬ್ರರಿಯಲ್ಲಿ ಹುಡುಕಿ. ಇದು ನಮ್ಮ ದೇಶಕ್ಕೆ ಹೊಸತೂ ಅಲ್ಲ. ವಿಜ್ಞಾನಿ ಜಗದೀಶ್ ಚಂದ್ರ ಬೋಸ್ 1896ರಲ್ಲೇ ಬಂಗಾಳಿಯಲ್ಲಿ ಒಂದು ಕಥೆ ಬರೆದಿದ್ದರು, ಅದರಲ್ಲಿ ಚಂಡಮಾರುತವನ್ನು ತಡೆಯುವುದು ಒಂದು ಬಾಟಲಿ ತಲೆಗೂದಲ ಎಣ್ಣೆ.

ಹಂತ 3: ಮೊದಲ ಐವತ್ತು ಪುಟ ಒಡ್ಡೋಲಗ ಅಂತ ತಿಳಿಯಿರಿ

ಹೊಸ ಲೋಕ ಅಂದಮೇಲೆ ಹೊಸ ಶಬ್ದ ಬಂದೇ ಬರುತ್ತದೆ. ಲೇಖಕರು ಅರ್ಥ ಹೇಳುವುದಿಲ್ಲ, ಬೇಕಂತಲೇ. ನಾವು ‘ಇದೆಂತ’ ಅಂತ ಅಲ್ಲೇ ನಿಂತರೆ ಆಟ ಮುಂದೆ ಹೋಗುವುದಿಲ್ಲ. ಯಕ್ಷಗಾನದ ಒಡ್ಡೋಲಗದಲ್ಲಿ ವೇಷ ಮೊದಲು ಬಂದು ತೆರೆಯ ಹಿಂದೆ ಕುಣಿಯುವಾಗ ಬರೀ ಕಿರೀಟ ಕಾಣುತ್ತದಲ್ವಾ, ಹಾಗೆ.

ಒಂದು ಸಾಲು ನಾನೇ ಮಾಡಿ ತೋರಿಸುತ್ತೇನೆ. ಒಂದು ಕಾದಂಬರಿ ಹೀಗೆ ಶುರು ಆಗುತ್ತದೆ ಅಂದುಕೊಳ್ಳಿ: “ಸುಮತಿ ಎದ್ದವಳೇ ನೆರಳುಪೆಟ್ಟಿಗೆಗೆ ಎರಡು ಚಮಚ ಉಪ್ಪು ಹಾಕಿದಳು. ರೇಷನ್ ಕಾರ್ಡಿನಲ್ಲಿ ಈ ವಾರಕ್ಕೆ ಇನ್ನು ಮೂರು ಗಂಟೆಯ ನೆರಳು ಮಾತ್ರ ಉಳಿದಿತ್ತು.”

ನೆರಳುಪೆಟ್ಟಿಗೆ ಅಂದರೆ ಏನು? ಗೊತ್ತಿಲ್ಲ. ಆದರೆ ಗೊತ್ತಾದದ್ದು ಎಷ್ಟು ನೋಡಿ. ಎದ್ದ ಕೂಡಲೇ ಮಾಡುವ ಕೆಲಸ, ಅಂದರೆ ಅವಳಿಗೆ ಇದು ಹಲ್ಲುಜ್ಜಿದ ಹಾಗೆ. ಅದು ಉಪ್ಪಿನಿಂದ ನಡೆಯುತ್ತದೆ. ನೆರಳು ರೇಷನ್ನಿಗೆ ಬಂದಿದೆ, ಅಂದರೆ ಬಿಸಿಲು ಭಯಂಕರ ಇರಬೇಕು. ಸರಕಾರ ಅಂತ ಒಂದು ಇನ್ನೂ ಉಂಟು, ಕಾರ್ಡು ಕೊಡುತ್ತದೆ. ಮೂರೇ ಗಂಟೆ ಉಳಿದಿದೆ, ಏನೋ ಆಗಲಿಕ್ಕುಂಟು. ಎರಡು ಸಾಲಿಗೆ ಇಷ್ಟು.

ಹಾಗಾಗಿ ಅರ್ಥ ಆಗದ ಶಬ್ದ ಬಂದಾಗ ಡಿಕ್ಷನರಿ ತೆಗೆಯಬೇಡಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಜನಕ್ಕೆ ಇದು ದಿನದ ವಿಷಯವೋ ವಿಶೇಷವೋ? ಇಲ್ಲಿ ಯಾವುದಕ್ಕೆ ಬರ? ಇದರಿಂದ ಲಾಭ ಯಾರಿಗೆ? ಐವತ್ತು ಪುಟದ ಹೊತ್ತಿಗೆ ಶಬ್ದಗಳು ತಾವಾಗಿಯೇ ಕೂರುತ್ತವೆ. ನೂರು ಪುಟ ಆದರೂ ಕೂರಲಿಲ್ಲ, ಯಾರ ಚಿಂತೆಯೂ ನಿಮಗೆ ಹತ್ತಲಿಲ್ಲ ಅಂದರೆ ಪುಸ್ತಕ ಬಿಡಿ. ಬಿಡುವುದರಲ್ಲಿ ನಾಚಿಕೆ ಇಲ್ಲ. ಕೊನೆಯ ಪುಟ ಮಾತ್ರ ನೋಡಬೇಡಿ, ಮುಂದೆ ಮನಸ್ಸು ಬದಲಾಗಬಹುದು.

ಹಂತ 4: ಇಂಗ್ಲಿಷಿಗೆ ಹೆದರುವವರಿಗೆ

ನಾನು ಏಳನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಮೊದಲ ಇಂಗ್ಲಿಷ್ ಕಾದಂಬರಿಗೆ ಎರಡು ತಿಂಗಳು ಹಿಡಿಯಿತು. ಆಮೇಲೆ ಕಲಿತದ್ದು ಇಷ್ಟು: ಪೆನ್ಸಿಲ್ ಹಿಡಿದು ಓದಿ, ಗೊತ್ತಿಲ್ಲದ ಶಬ್ದಕ್ಕೆ ಚುಕ್ಕೆ ಮಾತ್ರ ಇಡಿ. ಮೂರನೇ ಸಲ ಅದೇ ಶಬ್ದ ಸಿಕ್ಕಿದರೆ ಆಗ ಅರ್ಥ ನೋಡಿ. ಒಂದೇ ಸಲ ಬರುವ ಶಬ್ದ ಕಥೆಗೆ ಅಷ್ಟು ಮುಖ್ಯ ಇರುವುದಿಲ್ಲ. ಸಿನಿಮಾ ಬಂದ ಕಾದಂಬರಿ ಆದರೆ ಮೊದಲು ಸಿನಿಮಾ ನೋಡಿ ಆಮೇಲೆ ಓದಿ, ಪಂಡಿತರು ಬೈದರೆ ಬೈಯಲಿ. ಮಾತು ಜಾಸ್ತಿ, ವರ್ಣನೆ ಕಡಿಮೆ ಇರುವ ಪುಸ್ತಕದಿಂದ ಶುರು ಮಾಡಿ. ವಿಯರ್ ಅವರದ್ದು ಹಾಗೆ, ಅಸಿಮೋವ್ ಅವರದ್ದೂ. ವೆಲ್ಸ್ ಅವರ ಹಳೇ ಇಂಗ್ಲಿಷ್ ಸ್ವಲ್ಪ ನಿಧಾನ. ಎಚ್.ಜಿ. ವೆಲ್ಸ್ ಹೇಳಿದ್ದು, ಮಾರ್ಥಾ ಅಲ್ಲ.

ಹಂತ 5: ಲೆಕ್ಕವನ್ನು ಲಕ್ಷ ಕೋಟಿಗೆ ತನ್ನಿ

ಮಿಲಿಯನ್ ಬಿಲಿಯನ್ ಓದುವಾಗ ನಮ್ಮ ತಲೆಯಲ್ಲಿ ಏನೂ ಮೂಡುವುದಿಲ್ಲ. ನನ್ನ ಪುಸ್ತಕಗಳ ಮೊದಲ ಖಾಲಿ ಪುಟದಲ್ಲಿ ಇದನ್ನು ಬರೆದಿಡುತ್ತೇನೆ: ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಚಂದ್ರನ ದೂರ 3.84 ಲಕ್ಷ ಕಿ.ಮೀ. ಸೂರ್ಯನ ದೂರ 15 ಕೋಟಿ. ಒಂದು ಜ್ಯೋತಿರ್ವರ್ಷ, ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.5 ಲಕ್ಷ ಕೋಟಿ ಕಿ.ಮೀ.

ಇಷ್ಟಿದ್ದರೆ ಲೇಖಕರನ್ನು ಹಿಡಿಯಬಹುದು. ಮಂಗಳ ಗ್ರಹ ತೀರಾ ಹತ್ತಿರ ಬಂದಾಗ ಐದೂವರೆ ಕೋಟಿ ಕಿ.ಮೀ., ತೀರಾ ದೂರ ಹೋದಾಗ 40 ಕೋಟಿ. ಅಂದರೆ ಅಲ್ಲಿಂದ ‘ಊಟ ಆಯ್ತಾ’ ಅಂತ ಕೇಳಿದರೆ ಇಲ್ಲಿ ಕೇಳಿಸಲು ಮೂರರಿಂದ ಇಪ್ಪತ್ತೆರಡು ನಿಮಿಷ, ‘ಆಯ್ತು’ ಅನ್ನುವುದು ಅಲ್ಲಿಗೆ ತಲುಪಲು ಮತ್ತೆ ಅಷ್ಟೇ. ಯಾವುದಾದರೂ ಕಾದಂಬರಿಯಲ್ಲಿ ನಾಯಕ ಮಂಗಳದಿಂದ ಹೆಂಡತಿ ಹತ್ತಿರ ಫೋನಲ್ಲಿ ಪಟಪಟ ಜಗಳ ಆಡಿದರೆ ಲೇಖಕರು ಎರಡನೇ ಸುಳ್ಳು ಹೇಳಿದರು ಅಂತ ಲೆಕ್ಕ.

1975ರಲ್ಲಿ ಮೇಲಕ್ಕೆ ಹೋದ ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡದ ಮುಂದಾಳು ಯು.ಆರ್. ರಾವ್ ಉಡುಪಿ ಹತ್ತಿರದ ಅದಮಾರಿನವರು. ಲೆಕ್ಕ ನಮಗೆ ಆಗದ್ದಲ್ಲ ಅಂತ ಹೇಳಲಿಕ್ಕೆ ಇದನ್ನು ಎಲ್ಲರಿಗೂ ಹೇಳುತ್ತಾ ಇರುತ್ತೇನೆ.

ಹಂತ 6: ಸುಳ್ಳು ಎಲ್ಲಿದೆ ಅಂತ ಹುಡುಕಿ

ಪುಸ್ತಕ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೆ ಇಡಿ. ‘ದಿ ಮಾರ್ಷಿಯನ್’ ಶುರು ಆಗುವುದು ದೊಡ್ಡ ಬಿರುಗಾಳಿಯಿಂದ. ಗಾಳಿ ಎಷ್ಟು ಜೋರು ಅಂದರೆ ನೌಕೆಯೇ ವಾಲುತ್ತದೆ, ಎಲ್ಲರೂ ಓಡುತ್ತಾರೆ, ಒಬ್ಬ ಉಳಿಯುತ್ತಾನೆ. ಆದರೆ ಮಂಗಳದ ಮೇಲಿನ ಗಾಳಿಯ ಒತ್ತಡ ಇಲ್ಲಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಜೂನ್ ತಿಂಗಳಲ್ಲಿ ನಮ್ಮ ತೆಂಗಿನ ಮರ ಬಗ್ಗಿಸುವ ಗಾಳಿ ಅಷ್ಟೇ ವೇಗದಲ್ಲಿ ಅಲ್ಲಿ ಬೀಸಿದರೆ ಒಣಗಲು ಹಾಕಿದ ಲುಂಗಿ ಅಲ್ಲಾಡೀತು, ಅಷ್ಟೆ. ವಿಯರ್ ಅವರಿಗೂ ಇದು ಗೊತ್ತಿತ್ತು. ಕಥೆ ಶುರು ಆಗಬೇಕಲ್ಲ, ಗೊತ್ತಿದ್ದೇ ಆ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡಿದ್ದಾರೆ. ಆಮೇಲೆ ಆಲೂಗಡ್ಡೆಯ ಕ್ಯಾಲರಿಯ ತನಕ ಪೈಸೆ ಪೈಸೆ ಲೆಕ್ಕ ಕೊಡುತ್ತಾರೆ. ಒಂದು ಸುಳ್ಳು, ಉಳಿದದ್ದು ಪ್ರಾಮಾಣಿಕ. ನಮ್ಮ ಕರಾರು ಇದೇ ಆಗಿತ್ತಲ್ವಾ?

ಇನ್ನೊಂದು, ಎಚ್.ಜಿ. ವೆಲ್ಸ್ ಅವರ ಅದೃಶ್ಯ ಮನುಷ್ಯ, 1897. ಕಣ್ಣಿನ ಒಳಪರದೆಯೂ ಗಾಜಿನ ಹಾಗಾದರೆ ಬೆಳಕು ಅದರ ಮೇಲೆ ನಿಲ್ಲುವುದಿಲ್ಲ, ದಾಟಿ ಹೋಗುತ್ತದೆ. ಯಾರಿಗೂ ಕಾಣದವನಿಗೆ ಏನೂ ಕಾಣಬಾರದು. ಈ ಒಂದು ಮಾತು ಹಾಕಿ, ಮಳೆಗಾಲದ ಸಂಜೆ ಗೋಳಿಬಜೆ ಮುಗಿಯುವ ತನಕ ವಾದ ನಡೆಯುತ್ತದೆ.

ಹಂತ 7: ಒಂದು ಪುಸ್ತಕವನ್ನಾದರೂ ಸರಿಯಾದ ಜಾಗದಲ್ಲಿ ಓದಿ

ಇದು ಕಡ್ಡಾಯ ಅಲ್ಲ, ನನ್ನ ಹುಚ್ಚು. ವೆಲ್ಸ್ ಅವರದ್ದೇ ‘ದಿ ಟೈಮ್ ಮಷೀನ್’, 1895. ನೂರು ಪುಟ ಚಿಲ್ಲರೆ. ಒಂದು ಆದಿತ್ಯವಾರ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕೊನೆಯ ಎರಡು ಅಧ್ಯಾಯ ಅಲ್ಲಿ ಓದಿದೆ. ಮಳೆಗಾಲದಲ್ಲಿ ದೋಣಿ ಇಲ್ಲ, ನೆನಪಿರಲಿ.

ಕಥೆಯಲ್ಲಿ ಕಾಲಯಾತ್ರಿ ಮುಂದೆ ಮುಂದೆ ಹೋಗಿ ಒಂದು ಕಡಲತೀರದಲ್ಲಿ ನಿಲ್ಲುತ್ತಾನೆ. ಮನುಷ್ಯರಿಲ್ಲ. ಸೂರ್ಯ ದೊಡ್ಡದಾಗಿ ಕೆಂಪಾಗಿ ಅಲ್ಲಾಡದೆ ನಿಂತಿದ್ದಾನೆ. ಬಂಡೆ ಅಂದುಕೊಂಡದ್ದು ಅಲುಗುತ್ತದೆ. ನೋಡಿದರೆ ಮೇಜಿನಷ್ಟು ದೊಡ್ಡ ಏಡಿ. ನಾನು ಇದನ್ನು ಓದುವಾಗ ಕಾಲ ಹತ್ತಿರ ಬೆರಳುಗುರಿನಷ್ಟು ಒಂದು ಏಡಿ ಕಲ್ಲಿನ ಸಂದಿಯಿಂದ ಇಣುಕಿತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅದೇ ಮೊದಲು ಒಳಗೆ ಹೋಯಿತು, ಅದೊಂದು ಸಮಾಧಾನ.

ಆಮೇಲೆ ಹೊಳೆಯಿತು. ಕಾಲಯಾತ್ರಿ ಹೋದದ್ದು ಮೂರು ಕೋಟಿ ವರ್ಷಕ್ಕೆ ಸ್ವಲ್ಪ ಮೇಲೆ. ನಾನು ಕೂತ ಆ ಕಂಬ ಕಂಬದ ಕಲ್ಲು ಲಾವಾ ತಣಿದು ಆದದ್ದು, ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ಅವನು ಯಂತ್ರ ಹತ್ತಿ ಹೋದ ದೂರದ ಹತ್ತಿರ ಹತ್ತಿರ ಮೂರು ಪಟ್ಟು ನಾನು ಚಪ್ಪಲಿ ಹಾಕಿ ಮೆಟ್ಟಿ ನಿಂತಿದ್ದೆ. ಕೊನೇ ದೋಣಿಯವರು ಕೂಗಿದ್ದು ನನಗೆ ಕೇಳಿಸಲೇ ಇಲ್ಲ. ಈ ಅಭ್ಯಾಸ ನನಗೆ ಹೋಗುವುದಿಲ್ಲ ಅಂತ ಕಾಣುತ್ತದೆ.

ದ್ವೀಪಕ್ಕೆ ಹೋಗಲಾಗದವರಿಗೆ ಮಂಗಳೂರಿನ ಪಿಲಿಕುಳದ ತಾರಾಲಯ ಉಂಟು, 2018ರಿಂದ. ಮಕ್ಕಳನ್ನು ಕರೆದುಕೊಂಡು ಹೋಗಿ, ಬಂದ ರಾತ್ರಿಯೇ ಪುಸ್ತಕ ಕೈಗೆ ಕೊಡಿ.

ಹಂತ 8: ಪುಸ್ತಕ ಎಲ್ಲಿಂದ ತರುವುದು

ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ವೆರ್ನ್ 1905ರಲ್ಲಿ. ನಮ್ಮಲ್ಲಿ ಲೇಖಕರು ಹೋಗಿ 60 ವರ್ಷ ಆದ ಮೇಲೆ ಪುಸ್ತಕ ಎಲ್ಲರದ್ದು. ಹಾಗಾಗಿ ಇವನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಮೊಬೈಲಿಗೆ ಪುಕ್ಕಟೆ, ಕಾನೂನು ಪ್ರಕಾರವೇ ಇಳಿಸಿಕೊಳ್ಳಬಹುದು. ಹೊಸ ಲೇಖಕರ ಕಳ್ಳ ಪಿಡಿಎಫ್ ಬೇಡ. ಅವರೂ ಹೊಟ್ಟೆಗೆ ತಿನ್ನಬೇಕಲ್ಲ.

ನನ್ನ ನಿಧಿ ಇರುವುದು ಗುಜರಿ ಅಂಗಡಿಯಲ್ಲಿ. ಮಣಿಪಾಲ, ಸುರತ್ಕಲ್ ಕಡೆ ಕಾಲೇಜು ಮುಗಿಸಿದ ಹುಡುಗರು ರೂಮು ಖಾಲಿ ಮಾಡುವಾಗ ಪುಸ್ತಕ ತೂಕಕ್ಕೆ ಹಾಕಿ ಹೋಗುತ್ತಾರೆ. ಎಂಜಿನಿಯರಿಂಗ್ ಗೈಡುಗಳ ನಡುವೆ ಕೈ ಹಾಕಿದರೆ ಇಂಥವು ಸಿಗುತ್ತವೆ. ಕೊಳ್ಳುವ ಮೊದಲು ಕೊನೆಯ ಪುಟ ಇದೆಯಾ ನೋಡಿ, ಓದದೆ ನೋಡಿ. ನಾನು ನೋಡದೆ ತಂದ ‘ರಾಮ’ದಲ್ಲಿ ಕೊನೆಯ ಆರು ಪುಟ ಇರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಅದು ಗೊತ್ತಾದವನ ಸಂಕಟ ಬೇರೆಯವರಿಗೆ ಬೇಡ.

ಹಂತ 9: ಬೂಸ್ಟು

ಘಾಟಿ ಮೇಲಿನವರಿಗೆ ಇದರ ಕಷ್ಟ ಗೊತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಪುಸ್ತಕ ಉಸಿರಾಡಬೇಕು. ಗೋಡೆಗೆ ತಾಗಿಸಿ ಇಡಬೇಡಿ, ಎರಡು ಬೆರಳು ಜಾಗ ಬಿಡಿ. ಮಳೆ ಹೊಡೆಯುವ ಪಡು ದಿಕ್ಕಿನ ಗೋಡೆಯಂತೂ ಬೇಡವೇ ಬೇಡ. ಸ್ಟೀಲ್ ಕಪಾಟಿನಲ್ಲಿ ಒತ್ತೊತ್ತಾಗಿ ತುಂಬಿಸಿ ಬಾಗಿಲು ಹಾಕಿದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಬೆನ್ನಿನ ಮೇಲೆ ಹಸಿರು ಪುಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಸಾಲಿನ ಹಿಂದೆ ಹಾಕಿ. ಒಮ್ಮೊಮ್ಮೆ ಫ್ಯಾನಿನ ಕೆಳಗೆ ಪುಟ ಬಿಡಿಸಿ ನಿಲ್ಲಿಸಿ.

ಹಿಡಿದೇಬಿಟ್ಟಿತಾ? ಒದ್ದೆ ಇರುವಾಗ ಒರೆಸಬೇಡಿ, ಒಳಗೆ ಹರಡುತ್ತದೆ. ಮೊದಲು ಗಾಳಿಗೆ ಒಣಗಲಿ, ಆಮೇಲೆ ಹೊರಗೆ ಹೋಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತಗಿನ ಬ್ರಶ್ಶಿನಿಂದ ಕೊಡವಿ. ನಮ್ಮಜ್ಜಿಯ ಮದ್ದು ಬೇರೆ ಇತ್ತು. ನನ್ನ ಅಸಿಮೋವ್ ಅನ್ನು ಬಚ್ಚಲು ಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿ ಪಕ್ಕ ಇಟ್ಟರು. ಬೂಸ್ಟು ಹೋಯಿತು. ಆದರೆ ಆ ಪುಸ್ತಕ ತೆಗೆದರೆ ಇವತ್ತಿಗೂ ಸುಟ್ಟ ತೆಂಗಿನ ಸಿಪ್ಪೆಯ ವಾಸನೆ.

ಹಂತ 10: ಸಾಲ ಕೊಡುವುದಾದರೆ

ಓದಿದ್ದನ್ನು ಯಾರ ಹತ್ತಿರವಾದರೂ ಹೇಳದಿದ್ದರೆ ಮಜಾ ಅರ್ಧ. ಅದಕ್ಕೆ ಓದುವ ಇನ್ನೊಬ್ಬರು ಬೇಕು, ಅಂದರೆ ಪುಸ್ತಕ ಕೊಡಲೇಬೇಕು. ಕೊಟ್ಟ ತಾರೀಕು, ಹೆಸರು ಬರೆದಿಡಿ. ಬರೆಯದೆ ಕೊಟ್ಟ ನನ್ನ ‘ಕರ್ವಾಲೋ’ ಮೂರು ಪ್ರತಿ ಹೋಗಿವೆ, ಯಾರ ಮನೆಯಲ್ಲಿ ಉಂಟೋ. ಒಂದು ಸಲಕ್ಕೆ ಒಂದೇ ಪುಸ್ತಕ ಕೊಡಿ. ತಿಂಗಳಾದ ಮೇಲೆ ‘ಎಲ್ಲಿಗೆ ಬಂತು’ ಅಂತ ಕೇಳಿ, ‘ಯಾವಾಗ ಕೊಡ್ತೀರಿ’ ಅಂತ ಕೇಳಬೇಡಿ.

ಆರು ಪುಟ ಇಲ್ಲದ ‘ರಾಮ’ವನ್ನು ಮೊದಲೇ ಹೇಳಿ ಆಫೀಸಿನ ಒಬ್ಬರಿಗೆ ಕೊಟ್ಟಿದ್ದೆ. ಸೈನ್ಸ್ ಅಂದರೆ ಮೈಲು ದೂರ ಓಡುತ್ತಿದ್ದವರು. ಮೂರು ವಾರ ಬಿಟ್ಟು ಪುಸ್ತಕ ವಾಪಸ್ ಬಂದಾಗ ಸ್ವಲ್ಪ ದಪ್ಪ ಆಗಿತ್ತು. ಅವರು ಲೈಬ್ರರಿಯಿಂದ ಇನ್ನೊಂದು ಪ್ರತಿ ಹುಡುಕಿ ತಂದು, ಕೊನೆಯ ಆರು ಪುಟ ಗೆರೆ ಹಾಳೆಯಲ್ಲಿ ನೀಲಿ ಪೆನ್ನಲ್ಲಿ ಬರೆದು, ಗೋಂದು ಹಾಕಿ ಅಂಟಿಸಿದ್ದರು. ಒಂದು ಕಡೆ ಮಾರ್ಜಿನ್ನಿನಲ್ಲಿ ಕನ್ನಡದಲ್ಲಿ ಬರೆದಿದ್ದರು: “ಇಲ್ಲಿ ಬಸ್ಸು ಮುಕ್ಕ ದಾಟಿತು, ಗೊತ್ತೇ ಆಗಲಿಲ್ಲ.” ಈಗ ಆ ಪ್ರತಿ ಪಡುಬಿದ್ರಿಯಲ್ಲಿ ಮೂರನೆಯವರ ಕೈಯಲ್ಲಿ ಉಂಟು. ತಾರೀಕು ಬರೆದಿಟ್ಟಿದ್ದೇನೆ.